ಅಂಜಿನಪ್ಪನವರ ರೈಫಲ್ಲಿಗೆ ಬಂದ ಕಾಯಿಲೆ

ಗುಬ್ಬಿಯ ಸಂತೆ ಮೈದಾನದ ಹಿಂದಿನ ಬೀದಿಗೆ ಹಾಲಿನವನು ಒಂದೊಂದು ದಿನ ತಡವಾಗಿ ಬರುತ್ತಿದ್ದ. ಹವಾಲ್ದಾರ್ ಅಂಜಿನಪ್ಪನವರು ಮಾತ್ರ ಯಾವತ್ತೂ ತಡಮಾಡಿದವರಲ್ಲ. ಬಿಸಿಲು ಎದುರುಮನೆಯ ಹೆಂಚು ದಾಟುವಷ್ಟರಲ್ಲಿ ಜಗುಲಿಯ ಮೇಲೆ ಹಳೇ ಪೇಪರ್ ಹಾಸಿ, ಎಣ್ಣೆ ಬಾಟಲಿ, ಬಟ್ಟೆ ಚೂರು, ಉದ್ದನೆ ದಾರ ಎಲ್ಲವನ್ನೂ ಪರೇಡಿಗೆ ನಿಲ್ಲಿಸಿದ ಹಾಗೆ ಜೋಡಿಸಿಕೊಂಡು ಕೂತುಬಿಡುತ್ತಿದ್ದರು. ತೊಡೆಯ ಮೇಲೆ ಅವರ ರೈಫಲ್ಲು. ಮಿಲಿಟರಿಯಿಂದ ರಿಟೈರಾಗಿ ಬಂದ ವರ್ಷವೇ ಲೈಸೆನ್ಸ್ ಮಾಡಿಸಿ ತಂದ, ಸಣ್ಣ ಗುಂಡಿನ ಪಾಯಿಂಟ್ ಟೂ ಟೂ. ದಾರದ ಒಂದು ತುದಿಗೆ ಹಿತ್ತಾಳೆ ತೂಕ, ಇನ್ನೊಂದು ತುದಿಗೆ ಬಟ್ಟೆ ಸಿಕ್ಕಿಸುವ ಕುಣಿಕೆ. ನಳಿಗೆಯನ್ನು ಕೆಳಕ್ಕೆ ಬಾಗಿಸಿ ಹಿಂದಿನಿಂದ ತೂಕ ಇಳಿಬಿಡುವರು. ಅದು ಮುಂದಿನ ಬಾಯಿಂದ ಈಚೆ ಬಂದ ಮೇಲೆ ರೈಫಲ್ಲಿನ ಹಿಂಬದಿಯನ್ನು ಕಂಬಕ್ಕೆ ಆನಿಸಿ, ದಾರ ಹಿಡಿದು ತಮ್ಮ ಬಲಗಡೆಗೆ ಸರ್ರನೆ ಎಳೆಯುವರು. ಒಂದು ಸಲ ಅಲ್ಲ, ಎರಡು ಸಲ ಅಲ್ಲ, ಒಳಗಿನಿಂದ ಲಕ್ಷ್ಮೀದೇವಮ್ಮ ತಿಂಡಿ ಆಯ್ತು ಅಂತ ಕೂಗುವವರೆಗೂ.

ಈ ರೈಫಲ್ಲಿನ ಹೊಟ್ಟೆಗೆ ಲಕ್ಷ್ಮೀದೇವಮ್ಮನ ಹಳೇ ಸೀರೆಗಳೆಲ್ಲ ಹೋಗಿದ್ದವು. ಮೆತ್ತಗಿನ ಕಾಟನ್ನೇ ಆಗಬೇಕಂತೆ. ಒಂದು ಸಲ ಹಳೇದಲ್ಲದ ಒಂದು ಸೀರೆಯೂ ಹೋಗಿ, ಆಕೆ ಒಂದು ವಾರ ಗಂಡನ ಜೊತೆ ಮಾತು ಬಿಟ್ಟಿದ್ದರು. ಅಂಜಿನಪ್ಪನವರಿಗೆ ಅದು ಗೊತ್ತಾದದ್ದು ವಾರ ಕಳೆದ ಮೇಲೆ.

ಬಂದೂಕಿನ ಆಯಸ್ಸೆಲ್ಲ ಇರೋದು ನಳಿಗೆಯಲ್ಲಿ ಅನ್ನುವುದು ಅವರ ನಂಬಿಕೆ. ಗುಂಡು ಹಾರಿದಷ್ಟೂ ನಳಿಗೆ ಸವೆಯುತ್ತೆ, ಒರೆಸಿದಷ್ಟೂ ಬಾಳುತ್ತೆ. ಅದಕ್ಕೇ ವರ್ಷವೆಲ್ಲ ಒರೆಸುವುದು, ಆಯುಧಪೂಜೆ ದಿನ ಮಾತ್ರ ಊರಾಚೆ ತಮ್ಮ ತೆಂಗಿನ ತೋಟದ ಮಣ್ಣುದಿಬ್ಬದ ಮುಂದೆ ಒಂದು ಕಾಯಿ ಇಟ್ಟು ನಾಲ್ಕಾರು ಗುಂಡು ಹೊಡೆಯುವುದು. ಮೊದಮೊದಲು ಮೊದಲನೇ ಗುಂಡಿಗೇ ಕಾಯಿ ಹೋಳಾಗುತ್ತಿತ್ತು. ಆಮೇಲೆ ಎರಡನೆಯದಕ್ಕೆ, ಮೂರನೆಯದಕ್ಕೆ. ಈಚಿನ ವರ್ಷಗಳಲ್ಲಿ ಕಾಯಿ ಇಟ್ಟ ಹಾಗೇ ವಾಪಸ್ ಬಂದು ಚಟ್ನಿ ಆಗುತ್ತಿತ್ತು. ಅಂಜಿನಪ್ಪನವರು ಕನ್ನಡಕ ಬದಲಾಯಿಸಿದರು. ಗುಂಡಿನ ಪೆಟ್ಟಿಗೆಗೆ ಬೈದರು. ಗಾಳಿಗೆ ಬೈದರು. ಹೋದ ಆಯುಧಪೂಜೆಯಲ್ಲಿ ಯಾರಿಗೂ ಬೈಯದೆ ಸುಮ್ಮನೆ ರೈಫಲ್ಲನ್ನು ಚೀಲಕ್ಕೆ ಹಾಕಿಕೊಂಡು ಬಂದು, ರಾತ್ರಿ ಊಟಕ್ಕೆ ಕೂತಾಗ ತಮ್ಮ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಲಕ್ಷ್ಮೀದೇವಮ್ಮ ಅದನ್ನು ನೋಡಿದ್ದರು. ಆದರೆ ಬಂದೂಕಿನ ವಿಷಯ ತನಗೇನು ಗೊತ್ತು ಅಂತ ಸಾರು ಬಡಿಸಿದ್ದರು. ಆ ಮನೆಯಲ್ಲಿ ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಎರಡು ಸಾವಿರದ ನಾಲ್ಕನೇ ಇಸವಿ ಸಂಕ್ರಾಂತಿ ಮುಗಿಸಿಕೊಂಡು ಆಕೆ ತುಮಕೂರಿಗೆ, ಶೆಟ್ಟಿಹಳ್ಳಿಯಲ್ಲಿದ್ದ ಮಗಳು ತ್ರಿವೇಣಿಯ ಮನೆಗೆ ಹೋದರು. ತ್ರಿವೇಣಿ ಸ್ಕೂಲ್ ಟೀಚರು, ಅಳಿಯ ಗಂಗರಾಜು ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಮಗುವನ್ನು ನೋಡಿಕೊಳ್ಳುವ ಹೆಂಗಸು ಊರಿಗೆ ಹೋಗಿದ್ದರಿಂದ ಅಜ್ಜಿಗೆ ಬುಲಾವ್ ಬಂದಿತ್ತು. ಆ ಹೊತ್ತಿಗೇ ಪೊಲೀಸ್ ಇಲಾಖೆಯವರು ಸಾರ್ವಜನಿಕರಿಗೆ ಬಂದೂಕು ತರಬೇತಿ ಕೊಡುತ್ತಾರೆ ಅಂತ ಗೊತ್ತಾಗಿ ಗಂಡ ಹೆಂಡತಿ ಇಬ್ಬರೂ ಹೆಸರು ಕೊಟ್ಟಿದ್ದರು. ಶುರುವಾಗುವ ಹಿಂದಿನ ದಿನ ಗಂಗರಾಜುಗೆ ಬೆಳಗಿನ ಶಿಫ್ಟ್ ಬಿತ್ತು. ಒಂದು ಜಾಗ ಖಾಲಿ. ಬೆಳಿಗ್ಗೆ ಮಗುವಿಗೆ ಹೇಗೂ ನಿದ್ದೆ, ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ, ನೀನೇ ಬಾ ಅಂತ ತ್ರಿವೇಣಿ ಹಟ ಹಿಡಿದಳು. ಲಕ್ಷ್ಮೀದೇವಮ್ಮ ನಕ್ಕರು, ಗದರಿದರು, ಸೊಂಟ ನೋವು ಅಂದರು. ಕೊನೆಗೆ ಮರುದಿನ ಬೆಳಿಗ್ಗೆ ಮಗಳ ಚೂಡಿದಾರ, ಅಳಿಯನ ಕ್ಯಾನ್ವಾಸ್ ಶೂ ಹಾಕಿಕೊಂಡು ಪೊಲೀಸ್ ಮೈದಾನದಲ್ಲಿ ಲೈನಿಗೆ ನಿಂತಿದ್ದರು. ಹುಟ್ಟಿ ಬುದ್ಧಿ ಬಂದಾಗಿನಿಂದ ಸೀರೆ ಬಿಟ್ಟು ಬೇರೇನೂ ಉಡದ ಹೆಂಗಸು. ಎರಡು ಕಾಲೂ ಬೇರೆ ಬೇರೆಯಾಗಿ ನಡೆಯುತ್ತಿವೆಯಲ್ಲ ಅಂತ ಅನ್ನಿಸಿ ಹೆಜ್ಜೆ ಹೆಜ್ಜೆಗೂ ನಗು ಬರುತ್ತಿತ್ತು.

ಬಂದೂಕುಗಳ ಉಸ್ತುವಾರಿ ಹೆಡ್ ಕಾನ್‌ಸ್ಟೇಬಲ್ ಕದರಯ್ಯನವರದು. ದಪ್ಪ ಮೀಸೆ, ಮೆತ್ತಗಿನ ಮಾತು. ಮೊದಲ ದಿನಗಳೆಲ್ಲ ಬಂದೂಕು ಹಿಡಿಯುವುದು, ಉಸಿರು ಬಿಗಿಹಿಡಿಯುವುದು, ಖಾಲಿಯಿದ್ದರೂ ಯಾರ ಕಡೆಗೂ ಬಾಯಿ ತಿರುಗಿಸದೇ ಇರುವುದು, ಇದೇ ಪಾಠ. ಆಮೇಲೆ ಎಲ್ಲರನ್ನೂ ವ್ಯಾನಿನಲ್ಲಿ ಊರಾಚೆ ಗುಡ್ಡದ ಬುಡಕ್ಕೆ ಕರೆದುಕೊಂಡು ಹೋದರು. ಲಕ್ಷ್ಮೀದೇವಮ್ಮ ಕಿವಿಗೆ ಹತ್ತಿ ತುರುಕಿಕೊಂಡು, ಮರಳು ಮೂಟೆಯ ಹಿಂದೆ ಹೊಟ್ಟೆಯ ಮೇಲೆ ಮಲಗಿ, ಮನೆದೇವರನ್ನು ನೆನೆದು ಟ್ರಿಗರ್ ಒತ್ತಿದರು. ಭುಜ ಕಿತ್ತುಹೋಗುತ್ತೆ ಅಂದುಕೊಂಡಿದ್ದರು. ಟಪ್ ಅಂತ ಒಂದು ಸದ್ದು, ಭುಜದ ಮೇಲೆ ಯಾರೋ ಸ್ನೇಹಿತೆ ತಟ್ಟಿದಷ್ಟು ಒತ್ತು, ಅಷ್ಟೇ. ದೂರದ ರಟ್ಟಿನ ಮೇಲೆ, ಕಪ್ಪು ಚುಕ್ಕಿಯ ಅಂಚಿನಲ್ಲಿ ಒಂದು ತೂತು.

ಅದು ತಾನು ಮಾಡಿದ ತೂತು ಅನ್ನುವುದು ತಲೆಗೆ ಹತ್ತಿದ್ದೇ ತಡ, ಆಕೆ ಇನ್ನೊಂದು ಗುಂಡು ಕೊಡಿ ಅಂದರು. ಎರಡನೇ ಗುಂಡು ಮೊದಲನೆಯದರ ಪಕ್ಕ. ಮೂರನೆಯದು ಅವೆರಡರ ನಡುವೆ. ರಟ್ಟು ತಂದು ತೋರಿಸಿದಾಗ ತೂತುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಚಿಟಿಕೆ ಜೀರಿಗೆ ಇಟ್ಟಂತೆ ಒಂದೇ ಕಡೆ ಗುಂಪಾಗಿದ್ದವು. ತ್ರಿವೇಣಿಯದು ರಟ್ಟಿಗೇ ತಗಲಿರಲಿಲ್ಲ. ಅಂದಿನಿಂದ ಲಕ್ಷ್ಮೀದೇವಮ್ಮನಿಗೆ ಕಂಡದ್ದೆಲ್ಲ ಗುರಿಯೇ. ಸಿಟಿ ಬಸ್ಸಿನಲ್ಲಿ ಕಂಡಕ್ಟರನ ಅಂಗಿಯ ಗುಂಡಿ, ಎದುರು ಸೀಟಿನ ಹೆಂಗಸಿನ ಕುಂಕುಮ, ತರಕಾರಿ ಅಂಗಡಿಯ ತೂಕದ ಬಟ್ಟಿನ ನಡುವಿನ ಚುಕ್ಕೆ. ಯಾವುದನ್ನೇ ನೋಡಲಿ, ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮಗುವಿಗೆ ಗಂಜಿ ತಿನ್ನಿಸುವಾಗ ಚಮಚವನ್ನು ಉಸಿರು ಹಿಡಿದು ಬಾಯಿಗೆ ಇಡುತ್ತಿದ್ದರು. ಮಗುವೂ ಕೇಕೆ ಹಾಕಿ ನಗುತ್ತಿತ್ತು.

ತರಬೇತಿ ಮುಗಿಯುವ ಹೊತ್ತಿಗೆ ಒಂದು ಅನುಮಾನ ಕಾಡಿ ಕದರಯ್ಯನವರನ್ನು ಕೇಳಿಯೇಬಿಟ್ಟರು. ವರ್ಷಕ್ಕೆ ಇಷ್ಟೊಂದು ಜನ ಇದೇ ಬಂದೂಕಲ್ಲಿ ಹೊಡೆಯುತ್ತಾರೆ, ನಳಿಗೆ ಸವೆದು ಹೋಗಲ್ವೇ ಅಂತ. ಕದರಯ್ಯನವರಿಗೆ ಈ ಪ್ರಶ್ನೆ ಬಹಳ ಇಷ್ಟವಾಯಿತು. ಒಂದು ಕುರ್ಚಿ ಎಳೆದುಕೊಂಡು ಕೂತರು. ದೊಡ್ಡ ರೈಫಲ್ಲಾದರೆ ಸವೆಯುತ್ತೆ ಅಂದರು. ಅದರ ಮದ್ದು ಬಲವಾದದ್ದು, ಗುಂಡಿಗೆ ತಾಮ್ರದ ಕವಚ, ಬಿಡುವು ಕೊಡದೆ ಹೊಡೆದರೆ ನಳಿಗೆ ಕಾದು, ಗುಂಡು ಒಳಹೊಗುವ ಗಂಟಲಿನ ಹತ್ತಿರ ಉಕ್ಕೇ ಬಿರಿಯುತ್ತೆ. ಆದರೆ ಈ ಪಾಯಿಂಟ್ ಟೂ ಟೂ ಸಾಧು ಪ್ರಾಣಿ. ಸೀಸದ ಮೆತ್ತನೆ ಗುಂಡು, ಚಿಟಿಕೆ ಮದ್ದು. ನಿಮ್ಮ ಮೊಮ್ಮಗು ಮದುವೆಯಾಗುವ ತನಕ ಹೊಡೆದರೂ ಸವೆಯಲಿಕ್ಕಿಲ್ಲ. ಇದನ್ನು ಹಾಳುಮಾಡುವುದು ಒಂದು ತೇವ, ಇನ್ನೊಂದು ಒರೆಸುವ ಕೈ.

"ಒರೆಸೋ ಕೈನಾ?" ಅಂದರು ಲಕ್ಷ್ಮೀದೇವಮ್ಮ.

ಕದರಯ್ಯನವರು ಒಳಗಿನಿಂದ ಕೆಲಸಕ್ಕೆ ಬಾರದ ಒಂದು ಹಳೇ ರೈಫಲ್ ತಂದು ಅದರ ಬಾಯಿ ತೋರಿಸಿದರು. ಒಳಗೆ ಸುರುಳಿ ಸುರುಳಿಯಾಗಿ ಗೀರುಗಳಿರುತ್ತವೆ, ಗುಂಡು ಬುಗುರಿಯಂತೆ ತಿರುಗುತ್ತಾ ಹೋಗುವುದು ಅವುಗಳಿಂದಲೇ, ಈಚೆ ಬರುವಾಗ ಅದು ಕೊನೆಯದಾಗಿ ಮುಟ್ಟುವುದು ಈ ಬಾಯಿಯ ಅಂಚನ್ನು. ಅಂಚು ನಾಣ್ಯದ ಹಾಗೆ ದುಂಡಗಿರಬೇಕು. ದಾರವನ್ನು ನೆಟ್ಟಗೆ ಎಳೆಯದೆ ದಿನಾ ಒಂದೇ ಪಕ್ಕಕ್ಕೆ ಉಜ್ಜಿದರೆ ಆ ಪಕ್ಕ ಸವೆಯುತ್ತೆ. ದಾರಕ್ಕೆ ಧೂಳು ಹತ್ತಿದ್ದರಂತೂ ಮರಳುಕಾಗದವೇ ಸರಿ. ಆಗ ಹಿಂದಿನಿಂದ ನೂಕುವ ಹೊಗೆ ಆ ಪಕ್ಕದಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತೆ. ನೋಡಿ, ಗಿಂಡಿಯ ಮೂತಿ ಥರ ಆಗಿದೆ, ಅಂದರು.

ಲಕ್ಷ್ಮೀದೇವಮ್ಮನಿಗೆ ತಮ್ಮ ಮನೆಯ ಮಜ್ಜಿಗೆ ಕಡೆಯುವ ಮಂತು ನೆನಪಾಯಿತು. ಹಗ್ಗ ಸುತ್ತಿ ಸುತ್ತಿ ಅದರ ನಡುವೆ ಬಿದ್ದಿದ್ದ ಕಚ್ಚು ನೆನಪಾಯಿತು. ಅದರ ಹಿಂದೆಯೇ ಜಗುಲಿ, ಕಂಬ, ಬೀದಿಬದಿಯ ಗೋಡೆಗೆ ಹೊಡೆದ ಮೊಳೆ, ಆ ಮೊಳೆಗೆ ನೇತುಹಾಕಿದ ದಾರ, ಎದುರಿಗಿರುವ ಹಿಟ್ಟಿನ ಮಿಷನ್ನಿನ ಧೂಳು, ಎಲ್ಲವೂ ಒಂದೊಂದಾಗಿ ಬಂದು ಕಣ್ಣ ಮುಂದೆ ನಿಂತವು.

ಊರಿಗೆ ವಾಪಸ್ ಬಂದ ಮರುದಿನ ಅಂಜಿನಪ್ಪನವರು ಸ್ನಾನಕ್ಕೆ ಹೋದದ್ದನ್ನು ನೋಡಿಕೊಂಡು, ಕಳ್ಳಹೆಜ್ಜೆಯಲ್ಲಿ ಹೋಗಿ ಜಗುಲಿ ಮೇಲಿದ್ದ ರೈಫಲ್ಲನ್ನು ಮೊದಲ ಸಲ ಮುಟ್ಟಿದರು. ಕದರಯ್ಯನವರು ಹೇಳಿಕೊಟ್ಟ ಹಾಗೆ ಹಿಂದಿನ ಬೋಲ್ಟ್ ತೆಗೆದು ಖಾಲಿಯಿದೆ ಅಂತ ಖಾತ್ರಿ ಮಾಡಿಕೊಂಡು ಬಾಯಿಯ ಸುತ್ತ ಕಿರುಬೆರಳು ಆಡಿಸಿದರು. ಎಡಕ್ಕೆ ನುಣುಪು, ಮೇಲೆ ನುಣುಪು. ಬಲಗಡೆ ಬೆರಳು ಹಳ್ಳಕ್ಕೆ ಇಳಿಯಿತು.

ಈಗ ಏನು ಮಾಡುವುದು? ಹೇಳಿದರೆ, ಇಷ್ಟು ವರ್ಷ ಪ್ರೀತಿಯಿಂದ ಒರೆಸಿ ಒರೆಸಿ ನೀವೇ ಇದನ್ನು ಕೆಡಿಸಿದಿರಿ ಅಂತ ಗಂಡನ ಮುಖಕ್ಕೆ ಹೇಳಬೇಕು. ಹೇಳದಿದ್ದರೆ ಅವರು ತಮ್ಮ ಕೈಯೇ ಹೋಯಿತು ಅಂತ ಕೊರಗುತ್ತಾರೆ. ಅದರ ಮೇಲೆ, ಇದೆಲ್ಲ ನಿನಗೆ ಹೇಗೆ ಗೊತ್ತು ಅಂದರೆ ಚೂಡಿದಾರದಿಂದ ಹಿಡಿದು ಎಲ್ಲಾ ಹೇಳಬೇಕು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಅನ್ನುವುದೂ ಮರೆತುಹೋಗುವಷ್ಟು ಯೋಚನೆ ಮಾಡಿದರು. ದಿನಾ ಬೆಳಿಗ್ಗೆ ದಾರದ ಸರ್ ಸರ್ ಸದ್ದು ಕೇಳಿದಾಗ ತಮ್ಮ ಹಲ್ಲನ್ನೇ ಯಾರೋ ಉಜ್ಜುತ್ತಿರುವ ಹಾಗೆ ಆಗುತ್ತಿತ್ತು. ತಿಂಡಿಯನ್ನು ಬೇಗ ಬೇಗ ಮಾಡಿ ಬೇಗ ಬೇಗ ಕೂಗತೊಡಗಿದರು. ಈಚೆಗೆ ನಿನಗೆ ಹಸಿವು ಜಾಸ್ತಿಯಾಗಿದೆ ಅಂತ ಅಂಜಿನಪ್ಪನವರು ಟೀಕೆ ಮಾಡಿದರು.

ಅಷ್ಟರಲ್ಲಿ ಎಲೆಕ್ಷನ್ ಬಂದು ಆಕೆಯನ್ನು ಕಾಪಾಡಿತು. ಲೈಸೆನ್ಸ್ ಇರುವವರೆಲ್ಲ ಬಂದೂಕನ್ನು ಠಾಣೆಗೆ ಒಪ್ಪಿಸಬೇಕೆಂದು ಹುಕುಂ ಆಯಿತು. ಅಂಜಿನಪ್ಪನವರು ಮಗಳನ್ನು ಗಂಡನ ಮನೆಗೆ ಕಳಿಸುವ ಮುಖ ಮಾಡಿಕೊಂಡು ಒಪ್ಪಿಸಿ ಬಂದರು. ಮರುದಿನವೇ ದಾರ, ಎಣ್ಣೆ ಹಿಡಿದು ಠಾಣೆಗೆ ಹೋದರು. ಹಿರಿಯರು, ಮಿಲಿಟರಿಯವರು ಅಂತ ಠಾಣೆಯವರು ಮೊದಲು ಬೆಂಚು ಕೊಟ್ಟು ಕೂರಿಸಿದರು. ದಿನಾ ಬರತೊಡಗಿದ ಮೇಲೆ, ಸಾರ್, ಇಲ್ಲಿ ನಿಮ್ಮದೊಂದೇ ಅಲ್ಲ, ತಾಲ್ಲೂಕಿನ ಬಂದೂಕೆಲ್ಲ ಇದಾವೆ, ರಿಸಲ್ಟ್ ಆದ ಮೇಲೇ ಬನ್ನಿ ಅಂತ ಕೈಮುಗಿದರು.

ಆಮೇಲೆ ನೋಡಬೇಕಿತ್ತು ಮನೆಯ ಅವಸ್ಥೆ. ಒರೆಸಿ ರೂಢಿಯಾದ ಕೈ ಸುಮ್ಮನಿರಬೇಕಲ್ಲ. ಬಾಗಿಲ ಕೀಲಿಗೆಲ್ಲ ಎಣ್ಣೆ ಬಿತ್ತು. ಹೊಲಿಗೆ ಮಿಷನ್ನಿಗೆ ಎಷ್ಟು ಎಣ್ಣೆ ಹಾಕಿದರೆಂದರೆ ರವಿಕೆಯೆಲ್ಲ ಚುಕ್ಕೆ ಚುಕ್ಕೆ. ಕುಕ್ಕರಿನ ಸೀಟಿ, ಈಳಿಗೆಮಣೆ, ಸೈಕಲ್ ಬೆಲ್ಲು, ಯಾವುದನ್ನೂ ಬಿಡಲಿಲ್ಲ. ಬೀದಿಯವರ ಗೇಟುಗಳಿಗೂ ಎಣ್ಣೆ ಹಾಕಿ ಬಂದರು. ಸದ್ದಿಲ್ಲದ ಗೇಟು ತಳ್ಳಿಕೊಂಡು ನಾಯಿಗಳು ಒಳಗೆ ಬರತೊಡಗಿದವು ಅಂತ ದೂರು ಬಂತು. ಲಕ್ಷ್ಮೀದೇವಮ್ಮನಿಗೆ ಮಾತ್ರ ಆ ದಿನಗಳಲ್ಲಿ ಚೆನ್ನಾಗಿ ನಿದ್ದೆ ಹತ್ತಿತು. ರೋಗಿ ಆಸ್ಪತ್ರೆಯಲ್ಲಿ ಹಾಯಾಗಿದೆ ಅಂದುಕೊಂಡರು.

ರೈಫಲ್ ಮನೆಗೆ ಬಂದ ಸ್ವಲ್ಪ ದಿನಕ್ಕೆ ಕುಣಿಗಲ್ಲಿನಿಂದ ಚಿಕ್ಕರಂಗಯ್ಯನವರ ಫೋನ್ ಬಂತು. ಅವರು ಅಂಜಿನಪ್ಪನವರ ಜೊತೆ ಮಿಲಿಟರಿಯಲ್ಲಿದ್ದವರು. ಕುಣಿಗಲ್ ಹತ್ತಿರ ಪೊಲೀಸರ ಉಸ್ತುವಾರಿಯಲ್ಲೇ ಒಂದು ಶೂಟಿಂಗ್ ಸ್ಪರ್ಧೆ ಇದೆ, ಮಾಜಿ ಸೈನಿಕರು ತಮ್ಮ ತಮ್ಮ ರೈಫಲ್ ತರಬಹುದು, ತರಬೇತಿ ಆದ ಸಾರ್ವಜನಿಕರಿಗೂ ಬೇರೆ ವಿಭಾಗ ಇದೆ ಅಂದರು. ಅಂಜಿನಪ್ಪನವರು ಮೊದಲು ಬೇಡವೆಂದರು. ಆಮೇಲೆ, ಇದೊಂದು ಸಲ ನೋಡಿಬಿಡ್ತೀನಿ, ಆಗಲಿಲ್ಲ ಅಂದರೆ ರೈಫಲ್ ಮಾರಿಬಿಡ್ತೀನಿ ಅಂದರು. ಹಾಗೆಂದವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಲಕ್ಷ್ಮೀದೇವಮ್ಮನಿಗೆ ಹೆಚ್ಚು ತಾಗಿತು.

ಅತ್ತ ತ್ರಿವೇಣಿ ಅಮ್ಮನ ಹೆಸರನ್ನು ಕೇಳದೆಯೇ ಕೊಟ್ಟುಬಿಟ್ಟಿದ್ದಳು. ಮಗಳ ಮನೆಗೆ ಹೋಗುತ್ತೀನಿ ಅಂತ ಹಿಂದಿನ ದಿನವೇ ಹೊರಟ ಲಕ್ಷ್ಮೀದೇವಮ್ಮ ಹೊಸಲು ದಾಟುವಾಗ, ಚಪ್ಪಲಿ ಮೆಟ್ಟುವಾಗ, ಬಸ್ಸು ಹತ್ತುವಾಗ, ಎಲ್ಲಾ ಹೇಳಿಬಿಡೋಣ ಅಂತ ಬಾಯಿ ತೆರೆದರು. ಅಂಜಿನಪ್ಪನವರು ಪ್ರತಿ ಸಲವೂ, ಕೊಡೆ ತಗೊಂಡ್ಯಾ, ಮಗುಗೆ ಬಿಸ್ಕತ್ ತಗೊಂಡ್ಯಾ ಅಂತ ಅಡ್ಡ ಬಂದರು. ಬಸ್ಸು ಹೊರಟೇಹೋಯಿತು.

ಸ್ಪರ್ಧೆಯ ದಿನ ಆಷಾಢದ ಗಾಳಿ. ಶಾಮಿಯಾನ ಪಟಪಟ ಬಡಿಯುತ್ತಿತ್ತು. ಮಗಳ ಚೂಡಿದಾರ, ಅಳಿಯನ ಶೂ, ತಲೆಗೊಂದು ಬಿಳೀ ಟೋಪಿ, ಮುಖದ ಅರ್ಧಕ್ಕೆ ಮಗಳ ವೇಲು ಸುತ್ತಿಕೊಂಡು ಲಕ್ಷ್ಮೀದೇವಮ್ಮ ಹೆಂಗಸರ ಗುಂಪಿನ ಹಿಂದೆ ಕೂತರು. ಮಾಜಿ ಸೈನಿಕರ ಸರದಿ ಮೊದಲು. ಅಂಜಿನಪ್ಪನವರು ಹೋಗಿ ಮಲಗಿದ್ದು, ಉಸಿರು ಹಿಡಿದದ್ದು, ಎಲ್ಲಾ ನೋಡಲು ಚಿತ್ರದ ಹಾಗಿತ್ತು. ರಟ್ಟು ಬಂದಾಗ ಮಾತ್ರ ಗುಂಡುಗಳು ಮೂಲೆಗೊಂದು ದಿಕ್ಕಿಗೊಂದು ಚೆಲ್ಲಿದ್ದವು. ಎರಡು ಗುಂಡಂತೂ ರಟ್ಟಿಗೇ ತಗಲಿರಲಿಲ್ಲ. ಅವರು ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ಹಿಂದೆ ಚಿಕ್ಕರಂಗಯ್ಯನವರ ಪಕ್ಕ ಬಂದು ಕೂತರು.

ಆಮೇಲೆ ಹೆಂಗಸರ ಸರದಿ. ಮೊದಲ ತಂಡದಲ್ಲೇ ಲಕ್ಷ್ಮೀದೇವಮ್ಮ. ಮೈಕಿನವನು ಬರೀ ನಂಬರ್ ಕೂಗಿದ. ಆಕೆಯ ಜಾಗ ಸರಿಯಾಗಿ ಗಂಡನ ಮುಂದೆಯೇ ಬಿತ್ತು. ವೇಲನ್ನು ಇನ್ನಷ್ಟು ಬಿಗಿದುಕೊಂಡು ಮಲಗಿದರು. ಕಿವಿಯ ಹತ್ತಿ ಒಂದು ಕಡೆ ಸಡಿಲವಾಗಿತ್ತು, ಅದರಿಂದ ಹಿಂದಿನ ಮಾತು ಕೇಳಿಸುತ್ತಿತ್ತು. ಎರಡು ಗುಂಡು ಹೊಡೆದರು. ಎರಡೂ ಕಪ್ಪಿನಲ್ಲಿ.

"ಆ ಬಿಳೀ ಟೋಪಿ ಹೆಣ್ಮಗಳ್ನ ನೋಡು ರಂಗಯ್ಯ," ಅನ್ನುತ್ತಿದ್ದರು ಅಂಜಿನಪ್ಪನವರು. "ಭುಜ ಅಲ್ಲಾಡ್ತಾ ಇಲ್ಲ. ಟ್ರಿಗರ್ ಎಳೀತಿಲ್ಲ, ಹಿಂಡ್ತಾವ್ಳೆ. ಯಾವನೋ ಪುಣ್ಯಾತ್ಮ ಚೆನ್ನಾಗಿ ಕಲಿಸವ್ನೆ. ಅಂಥ ಕೈ ನಂದೂ ಇತ್ತು ಒಂದು ಕಾಲ್ದಲ್ಲಿ."

ಲಕ್ಷ್ಮೀದೇವಮ್ಮನಿಗೆ ಹೊಟ್ಟೆಯೊಳಗಿಂದ ನಗು ಎದ್ದಿತು. ಮದುವೆಯಾದಾಗಿನಿಂದ ಅವರು ತಮ್ಮನ್ನು ಇಷ್ಟು ಬಾಯಿತುಂಬ ಹೊಗಳಿದ್ದೇ ಇಲ್ಲ. ಹೊಗಳುತ್ತಿರುವುದು ಯಾರನ್ನು ಅಂತ ಅವರಿಗೇ ಗೊತ್ತಿಲ್ಲ. ಉಸಿರು ಹಿಡಿದರೆ ನಗು ಮೂಗಿನಿಂದ ಬರುತ್ತಿತ್ತು. ಮೂರನೇ ಗುಂಡು ಆ ನಗುವಿನಲ್ಲೇ ಹಾರಿ ಕಪ್ಪಿನ ಆಚೆ ಬಿತ್ತು. ಹಿಂದಿನಿಂದ ಅಂಜಿನಪ್ಪನವರು, ಅಯ್ಯೋ, ಅವಸರ ಮಾಡಿದ್ಲು ಅಂತ ತಮ್ಮದೇ ಗುಂಡು ತಪ್ಪಿದ ಹಾಗೆ ಮರುಗಿದರು. ಅದನ್ನು ಕೇಳಿ ಇನ್ನೂ ನಗು. ಕೆನ್ನೆಯನ್ನು ಬಂದೂಕಿನ ಮರಕ್ಕೆ ಒತ್ತಿ, ತುಟಿ ಕಚ್ಚಿ, ಸೀರೆ ಕಳೆದುಕೊಂಡ ವಾರವನ್ನು ನೆನಪಿಗೆ ತಂದುಕೊಂಡು ಹೇಗೋ ನಗು ತಡೆದು ಮಿಕ್ಕ ಗುಂಡುಗಳನ್ನು ಮುಗಿಸಿದರು. ಅವೆಲ್ಲ ಕಪ್ಪಿನಲ್ಲೇ ಬಿದ್ದವು.

ಫಲಿತಾಂಶ ಹೇಳುವಾಗ ಮೈಕಿನವನು ಹೆಸರು ಹಿಡಿದೇ ಕೂಗಿದ. ಎರಡನೇ ಸ್ಥಾನ, ಗುಬ್ಬಿಯ ಲಕ್ಷ್ಮೀದೇವಮ್ಮ. ನಮ್ಮೂರಲ್ಲಿ ಇನ್ನೊಬ್ಬಳು ಲಕ್ಷ್ಮೀದೇವಮ್ಮ ಇದಾಳಾ ಅಂತ ಅಂಜಿನಪ್ಪನವರು ಚಿಕ್ಕರಂಗಯ್ಯನವರನ್ನು ಕೇಳುತ್ತಿರುವಾಗಲೇ ಆಕೆ ಟೋಪಿ, ವೇಲು ಎರಡನ್ನೂ ತೆಗೆದು ಅವರ ಮುಂದೆ ನಿಂತರು. ಅಂಜಿನಪ್ಪನವರು ಮುಖ ನೋಡಿದರು, ಚೂಡಿದಾರ ನೋಡಿದರು, ಶೂ ನೋಡಿದರು, ಮತ್ತೆ ಮುಖ ನೋಡಿದರು. ಚಿಕ್ಕರಂಗಯ್ಯನವರು ಕಾಫಿ ತರುತ್ತೀನಿ ಅಂತ ಮೆಲ್ಲಗೆ ಎದ್ದು ಹೋದರು.

"ಎಂದಿನಿಂದ?" ಅಂದರು ಕೊನೆಗೆ.

"ಸಂಕ್ರಾಂತಿಯಿಂದ."

"ಮೂರನೇದು ಯಾಕೆ ತಪ್ತು?" ಅಂದರು.

"ನೀವು ಹೊಗಳಿದ್ದಕ್ಕೆ."

ಅವರ ಮೀಸೆ ಕುಣಿಯಿತು. ಆದರೆ ಜೇಬಿನಲ್ಲಿದ್ದ ರಟ್ಟು ನೆನಪಾಗಿ ಮತ್ತೆ ಮುಖ ಬಾಡಿತು. ಲಕ್ಷ್ಮೀದೇವಮ್ಮ ಇನ್ನು ತಡಮಾಡಲಿಲ್ಲ. ಇಲ್ಲೂ ಬಂದೂಕುಗಳ ಉಸ್ತುವಾರಿಗೆ ಬಂದಿದ್ದ ಕದರಯ್ಯನವರ ಹತ್ತಿರ ಹೋಗಿ, ತಾವು ಹೊಡೆದ ಪೊಲೀಸ್ ರೈಫಲ್ಲಿನಲ್ಲೇ ತಮ್ಮ ಯಜಮಾನರಿಗೂ ಒಂದು ಸಲ ಅವಕಾಶ ಕೊಡಬೇಕು ಅಂತ ಕೇಳಿಕೊಂಡರು. ಸ್ಪರ್ಧೆ ಮುಗಿದಿತ್ತು, ಗುಂಡು ಮಿಕ್ಕಿದ್ದವು, ಕದರಯ್ಯನವರು ಒಪ್ಪಿದರು. ಅಂಜಿನಪ್ಪನವರು ಬೇಡ ಬೇಡ ಅನ್ನುತ್ತಲೇ ಮಲಗಿ ಐದು ಗುಂಡು ಹೊಡೆದರು.

ಗಾಳಿ ಅದೇ ಗಾಳಿ, ಕನ್ನಡಕ ಅದೇ ಕನ್ನಡಕ. ರಟ್ಟು ಬಂತು. ಐದೂ ಗುಂಡು ಕಪ್ಪಿನ ನಡುವೆ ಒಂದೇ ತೂತಿನಂತೆ ಕೂತಿದ್ದವು. ಅಂಜಿನಪ್ಪನವರು ಅದನ್ನು ಬಿಸಿಲಿಗೆ ಹಿಡಿದು ನೋಡಿದರು. ತೂತಿನಿಂದ ಬಂದ ಬೆಳಕು ಅವರ ಕೆನ್ನೆಯ ಮೇಲೆ ಬಿತ್ತು. ಆಮೇಲೆ ಎರಡೂ ಕೈಗಳನ್ನು ಮುಂದೆ ಚಾಚಿ, ಅಷ್ಟು ಜನರ ಮುಂದೆ, ಹೊಸ ಬಳೆ ತೊಟ್ಟ ಹುಡುಗಿಯ ಹಾಗೆ ತಿರುಗಿಸಿ ತಿರುಗಿಸಿ ನೋಡಿಕೊಂಡು ನಕ್ಕರು.

"ಕೈ ಹೋಗಿಲ್ಲ ಕಣೇ," ಅಂದರು. "ಹಂಗಾದ್ರೆ ಹೋಗಿರೋದೇನು?"

ಲಕ್ಷ್ಮೀದೇವಮ್ಮ ಕಿವಿಯಿಂದ ಹತ್ತಿ ತೆಗೆದು, ಎಳೆ ಬಿಡಿಸಿ, ಬೋಲ್ಟ್ ತೆಗೆದಿಟ್ಟಿದ್ದ ಅವರ ರೈಫಲ್ಲಿನ ಬಾಯಿಯ ಸುತ್ತ ಮೆಲ್ಲಗೆ ಆಡಿಸಿದರು. ಎಡಗಡೆ, ಮೇಲೆ, ಕೆಳಗೆ, ಹತ್ತಿ ಜಾರಿಕೊಂಡು ಹೋಯಿತು. ಬಲಗಡೆ ಸಿಕ್ಕಿಕೊಂಡು ಎಳೆ ಅಲ್ಲೇ ಉಳಿಯಿತು. ಅಂಜಿನಪ್ಪನವರು ಕೈಗೆ ತಗೊಂಡು ತಾವೇ ಆಡಿಸಿ ನೋಡಿದರು. ಮತ್ತೆ ಸಿಕ್ಕಿತು. ಕದರಯ್ಯನವರು ಏನೋ ಹೇಳಲು ಬಾಯಿ ತೆರೆದವರು ಲಕ್ಷ್ಮೀದೇವಮ್ಮನ ಮುಖ ನೋಡಿ, ಗುಂಡಿನ ಪೆಟ್ಟಿಗೆ ಎತ್ತಿಡಲು ಹೋದರು.

ಅಂಜಿನಪ್ಪನವರ ಬಲಗೈ ತಾನಾಗಿ ದಾರ ಎಳೆಯುವ ಹಾಗೆ ಗಾಳಿಯಲ್ಲಿ ಒಮ್ಮೆ ಎಳೆಯಿತು. ಬಲಗಡೆಗೆ. ಅದನ್ನು ಅವರೇ ನೋಡಿದರು.

"ದಾರನಾ?"

"ಹೂಂ," ಅಂದರು ಲಕ್ಷ್ಮೀದೇವಮ್ಮ. "ನೀವು ಜಾಸ್ತಿ ಗುಂಡು ಹೊಡೆದಿದ್ರೂ ಇಷ್ಟು ಸವೀತಿರ್ಲಿಲ್ಲಂತೆ. ದಿನಾ ಮುದ್ದು ಮಾಡಿ ಸವೆಸಿದೀರ."

ಅಂಜಿನಪ್ಪನವರು ರೈಫಲ್ಲಿನ ಬಾಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಸದ್ದಿಲ್ಲದ ನಗು ಮೊದಲು ಭುಜಕ್ಕೆ ಹತ್ತಿ, ಆಮೇಲೆ ಗಂಟಲಿಗೆ ಬಂದು, ಶಾಮಿಯಾನದ ಜನವೆಲ್ಲ ತಿರುಗಿ ನೋಡುವಷ್ಟು ದೊಡ್ಡದಾಯಿತು.

"ಅಷ್ಟು ವರ್ಷ ಬಾರ್ಡರ್‌ನಲ್ಲಿದ್ದೆ, ಶತ್ರು ಕೈಲಿ ನನ್ನ ಒಂದು ರೈಫಲ್ಲೂ ಕೆಡಿಸೋಕಾಗ್ಲಿಲ್ಲ," ಅಂದರು ಕಣ್ಣೊರೆಸಿಕೊಳ್ಳುತ್ತಾ. "ಜಗುಲಿ ಮೇಲೆ ಕೂತ್ಕೊಂಡು ನಾನೇ ಕೆಡಿಸ್ದೆ ನೋಡು."

ಲಕ್ಷ್ಮೀದೇವಮ್ಮನ ನಗುವಿಗೂ ಈಗ ಅಡ್ಡಿಯಿರಲಿಲ್ಲ. ಕಾಫಿ ಹಿಡಿದು ಬಂದ ಚಿಕ್ಕರಂಗಯ್ಯನವರಿಗೆ, ಮರಳು ಮೂಟೆಯ ಮೇಲೆ ಅಕ್ಕಪಕ್ಕ ಕೂತು ಮಾತಾಡಲಾಗದೆ ಒಬ್ಬರನ್ನೊಬ್ಬರು ತೋರಿಸಿಕೊಂಡು ನಗುತ್ತಿದ್ದ ಗಂಡ ಹೆಂಡತಿ ಕಂಡರು. ಏನಾಯ್ತು ಅಂತ ಕೇಳಿದರೆ ಇಬ್ಬರೂ ಹತ್ತಿಯ ಎಳೆ ತೋರಿಸಿದರು. ಅವರಿಗೆ ಏನೂ ಅರ್ಥವಾಗದೆ ಮೂರು ಲೋಟ ಕಾಫಿಯನ್ನೂ ಹಿಡಿದುಕೊಂಡೇ ನಿಂತರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಂಜಿನಪ್ಪನವರು ಹೆಂಡತಿಯಿಂದ ಒಂದೊಂದೇ ಪಾಠ ಹೇಳಿಸಿಕೊಂಡರು. ಹಿಂದಿನಿಂದ ನೆಟ್ಟಗೆ ಕಡ್ಡಿ ಹಾಕಬೇಕು, ಬಾಯಿಗೆ ತಾಗಬಾರದು, ಒಣಗಿರಬೇಕು, ಗುಂಡು ಹೊಡೆದಾಗಷ್ಟೇ ಒರೆಸಿದರೆ ಸಾಕು. ಪ್ರತಿಯೊಂದಕ್ಕೂ ಅವರು, ಇದು ನಮಗೂ ಹೇಳಿಕೊಟ್ಟಿದ್ರು ಕಣೇ, ಮರೆತಿದ್ದೆ ಅನ್ನುವರು. ಆಕೆ, ಹೂಂ ಅನ್ನುವರು. ಇಬ್ಬರಿಗೂ ಮತ್ತೆ ನಗು ಶುರುವಾಗುವುದು. ತುಮಕೂರಿನಲ್ಲಿ ಇಳಿಯಬೇಕಾದ ಸ್ಟಾಪು ಬಿಟ್ಟು ಮುಂದಕ್ಕೆ ಹೋಗಿ, ಕಂಡಕ್ಟರ್ ಬೈದು ಇಳಿಸಿದ ಮೇಲೆ ಅಲ್ಲೇ ಒಂದು ಹೋಟೆಲಿಗೆ ನುಗ್ಗಿ ಮಸಾಲೆ ದೋಸೆ ತಿಂದರು. ಚೂಡಿದಾರದಲ್ಲೇ.

ರೈಫಲ್ಲಿನ ಕಾಯಿಲೆ ವಾಸಿಯಾಗುವಂಥದ್ದೇ ಆಗಿತ್ತು. ಪೊಲೀಸರ ಒಪ್ಪಿಗೆ ಪಡೆದು ಬೆಂಗಳೂರಿನ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರ ಕೊಟ್ಟರು. ಅವರು ಸವೆದ ತುದಿಯನ್ನು ಒಂದು ಬೆರಳಗಲ ಕತ್ತರಿಸಿ ಹಾಕಿ, ಲೇತಿನಲ್ಲಿ ಹೊಸ ಬಾಯಿ ಕಡೆದುಕೊಟ್ಟರು. ಒಳಗಿನ ಗೀರೆಲ್ಲ ಹೊಸದರ ಹಾಗೇ ಇವೆ, ಇದರಲ್ಲಿ ಯಾರೂ ಗುಂಡೇ ಹೊಡೆದಿಲ್ಲವಾ ಅಂತ ಕೇಳಿದರಂತೆ. ಅಂಜಿನಪ್ಪನವರು ಕೆಮ್ಮಿದರು.

ಮುಂದಿನ ವರ್ಷದ ತರಬೇತಿಗೆ ಕದರಯ್ಯನವರು ಇಬ್ಬರಿಗೂ ಹೇಳಿ ಕಳಿಸಿದರು. ಗಂಡಸರಿಗೆ ಅಂಜಿನಪ್ಪನವರು ಕಲಿಸಬೇಕು, ಹೆಂಗಸರಿಗೆ ಲಕ್ಷ್ಮೀದೇವಮ್ಮ ಜೊತೆಗಿರಬೇಕು. ಮೊದಲ ದಿನ ಅಂಜಿನಪ್ಪನವರು ಇಸ್ತ್ರಿ ಮಾಡಿದ ಪ್ಯಾಂಟು ಹಾಕಿ, ಎದೆ ಸೆಟೆಸಿ, ಬಂದೂಕು ಎತ್ತಿ ಹಿಡಿದು, ಬಂದೂಕಿನ ಆಯಸ್ಸು ಅಂತ ಶುರುಮಾಡಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಲಕ್ಷ್ಮೀದೇವಮ್ಮನಿಗೆ ನಗು ತಡೆಯಲು ಹೋಗಿ ಬಿಕ್ಕಳಿಕೆ ಹಿಡಿಯಿತು. ಅಂಜಿನಪ್ಪನವರು ನಿಲ್ಲಿಸಿ ಆಕೆಯ ಕಡೆ ನೋಡಿದರು. ಮತ್ತೆ ಶುರುಮಾಡಿದರು, ಮತ್ತೆ ಬಿಕ್ಕಳಿಕೆ ಬಂತು. ಕೊನೆಗೆ ಅವರೇ ಎಲ್ಲರ ನಡುವೆ ನಡೆದು ಬಂದು ತಮ್ಮ ನೀರಿನ ಬಾಟಲಿ ಕೊಟ್ಟು, ಆಕೆ ಕುಡಿದು ಮುಗಿಸುವ ತನಕ ಅಲ್ಲೇ ನಿಂತು, ಪಾಠವನ್ನು ಅಲ್ಲಿಂದಲೇ ಮುಂದುವರಿಸಿದರು.